ಬೊಡ್ಡೆಯ ಮೇಲಿನ ಮುದ್ರೆ

ಮರಿಯಮ್ಮನಹಳ್ಳಿ ಹತ್ತಿರದ ಗುಡ್ಡದಲ್ಲಿ ಒಂದೇ ತಿಂಗಳಲ್ಲಿ ಮೂರು ದೇವರು ಹುಟ್ಟಿಕೊಂಡವು. ಮಣ್ಣಿನ ಗುಪ್ಪೆ, ಅದರ ಮೇಲೊಂದು ಕಲ್ಲು, ಕಲ್ಲಿಗೆ ವಿಭೂತಿ, ಕುಂಕುಮ. ದನ ಮೇಯಿಸಲು ಹೋಗುವ ಉಜ್ಜಿನಪ್ಪ ಅಲ್ಲಿ ಕೆರ ಬಿಟ್ಟು ಕೈಮುಗಿಯುತ್ತಿದ್ದ. ಸೋಮವಾರ ಬಂತೆಂದರೆ ಕಾಯಿಯನ್ನೂ ಒಡೆಯುತ್ತಿದ್ದ.

ಒಂದು ಬೆಳಿಗ್ಗೆ ಅಡವಿ ಪಂಚಾಯತಿಯ ಕಾವಲುಗಾರ ಗವಿಸಿದ್ದಪ್ಪ ಅವನ ಮನೆ ಕಟ್ಟೆಗೆ ಬಂದು ಕುಳಿತ.

“ಉಜ್ಜಿನಪ್ಪಣ್ಣ, ಗುಡ್ಡದಾಗ ಹೊನ್ನೆ ಮರ ಕಳುವಾಗ್ಯಾವ. ಶನಿವಾರ ರೇಂಜರು ಬರ್ತಾರ. ಅಷ್ಟ್ರಾಗ ಕಳವು ಪತ್ತೆ ಹಚ್ಚಿ ತೋರಿಸ್ಲಿಲ್ಲಂದ್ರ ಗುಡ್ಡಾನ ನಮ್ಮ ಪಂಚಾಯತಿಯಿಂದ ಕಸ್ಕೊಂತಾರ. ನಿನ್ನ ಎಂಟು ದನ ಎಲ್ಲಿ ಮೇಯ್ಬೇಕು?”

ಉಜ್ಜಿನಪ್ಪ ಕೊಟ್ಟಿಗೆಯತ್ತ ನೋಡಿದ. ಆದರೂ ಮಾತು ಬಿಟ್ಟುಕೊಡಲಿಲ್ಲ. “ಸರ್ಕಾರದ ಚೀಟಿ ಇದ್ದವ್ರು ಕಡಿದಿರ್ತಾರ ಬಿಡೋ.”

“ಚೀಟಿ ಇದ್ರ ಬುಡಕ್ಕ ಸುತ್ತಿಗಿ ಮುದ್ರಿ ಹೊಡೀತಾರ. ದಿಮ್ಮಿ ಹೋದ್ರೂ ನೆಲದಾಗಿನ ಬೊಡ್ಡ್ಯಾಗ ಮುದ್ರಿ ಉಳೀತೈತಿ. ಮುದ್ರಿ ಇಲ್ಲಂದ್ರ ಕಳವು. ಆದ್ರ ಬೊಡ್ಡಿನೇ ಸಿಗವಲ್ವು! ನಿನ್ನ ಹೊಸ ದೇವ್ರ ಕೆಳಗ ಏನೈತೋ ನೋಡ್ಬೇಕು.”

“ಲೇ, ದೇವ್ರಿಗೆ ಕೈ ಹಚ್ತೀಯಾ? ಕಣ್ಣು ಹೋದಾವು!”

ಒಳಗಿನಿಂದ ಉಜ್ಜಿನಪ್ಪನ ಹೆಂಡತಿ ಜಂಬವ್ವ ಕೊಡ ಹಿಡಿದೇ ಬಂದಳು. “ಕೈ ಯಾಕ ಹಚ್ಬೇಕ್ರಿ? ತಿಂಗಳಿಂದ ಕಾಯಿ ತಿನ್ಸೀರಿ, ಒಂದಿನಾರ ಮೈ ತೊಳ್ಸೀರೇನು? ಏಳ್ರಿ, ಅಭಿಷೇಕ ಮಾಡೂಣು.”

ಅಭಿಷೇಕವೆಂದರೆ ಉಜ್ಜಿನಪ್ಪನೂ ಎದ್ದ. ಮೂವರೂ ಎರಡೆರಡು ಕೊಡ ನೀರು ಹೊತ್ತು ಗುಡ್ಡ ಹತ್ತಿದರು. ಶಿವನಾಮ ಹೇಳುತ್ತ ಅವನೇ ನೀರು ಸುರಿದ. ಮೊದಲ ಕೊಡಕ್ಕೆ ವಿಭೂತಿ ಹರಿದು ಹೋಯಿತು. ಎರಡನೆಯ ಕೊಡಕ್ಕೆ ಮಣ್ಣು ಕರಗಿ ಕಲ್ಲು ಉರುಳಿತು. ಕೆಳಗೆ ಹೊನ್ನೆಯ ಹಸಿ ಬೊಡ್ಡೆ. ಕೊಡಲಿ ಬಿದ್ದಲ್ಲೆಲ್ಲ ಕೆಂಪು ರಸ ನೆತ್ತರಿನಂತೆ ಹೆಪ್ಪುಗಟ್ಟಿತ್ತು. ಗವಿಸಿದ್ದಪ್ಪ ಸುತ್ತಲೂ ಬೆರಳಾಡಿಸಿದ. ಮುದ್ರೆ ಇರಲಿಲ್ಲ.

“ಶಿವಶಿವಾ! ಕಳ್ಳರ ಮುಚ್ಚಳಕ್ಕ ನಾ ಪೂಜಾರಿ ಆಗಿದ್ನಲ್ಲೋ!”

“ಅದೂ ದಕ್ಷಿಣಿ ಇಲ್ಲದ ಪೂಜಾರಿ,” ಎಂದಳು ಜಂಬವ್ವ. ಉಜ್ಜಿನಪ್ಪನಿಗೂ ನಗು ತಡೆಯಲಾಗಲಿಲ್ಲ.

ಉಳಿದೆರಡು ಗುಪ್ಪೆಗಳಿಗೂ ನೀರು ಬಿತ್ತು. ಅಲ್ಲೂ ಬೊಡ್ಡೆ, ಅಲ್ಲೂ ಮುದ್ರೆಯಿಲ್ಲ. ಹತ್ತಿರದ ಹಳ್ಳದಲ್ಲಿ ತಂಗಡಿ ಸೊಪ್ಪು ಹೊದಿಸಿದ ದಿಮ್ಮಿಗಳು ಬಂಡಿಗಾಗಿ ಕಾಯುತ್ತಿದ್ದವು. ಗವಿಸಿದ್ದಪ್ಪ ಅಂದೇ ಹೊಸಪೇಟೆಯ ರೇಂಜರ ಕಚೇರಿಗೆ ಓಡಿದ. ಶುಕ್ರವಾರ ಬಂಡಿ ತಂದವರು ರೇಂಜರ ಆಳುಗಳ ಕೈಗೇ ಸಿಕ್ಕರು.

ಶನಿವಾರ ರೇಂಜರಿಗೆ ಬೊಡ್ಡೆಗಳನ್ನು ತೋರಿಸಿದವನು ಉಜ್ಜಿನಪ್ಪನೇ. “ಇಂಥ ಕಾವಲಿದ್ದರೆ ಗುಡ್ಡ ನಿಮ್ಮಲ್ಲೇ ಇರಲಿ,” ಎಂದರು ಅವರು. ಎಂಟು ದನಗಳೂ ಆಗಲೇ ಮೇಯುತ್ತಿದ್ದವು.

ಅಣ್ಣಗಳಿರಾ, ಅವ್ವಗಳಿರಾ, ಸೌದೆಗೆ ಹೋದಾಗ, ದನ ಬಿಟ್ಟಾಗ ಬೊಡ್ಡೆ ಕಂಡರೆ ಬಗ್ಗಿ ನೋಡಿರಿ. ಮುದ್ರೆ ಇಲ್ಲದಿದ್ದರೆ ಅದೇ ದಿನ ಕಾವಲುಗಾರನಿಗೆ ತಿಳಿಸಿರಿ. ನೀವೇ ಜಗಳಕ್ಕೆ ನಿಲ್ಲಬೇಡಿರಿ. ನಿಂತ ಮರವನ್ನು ನಿಲ್ಲುವಂತೆ ನೋಡಿಕೊಳ್ಳುವುದೂ ಶಿವಪೂಜೆಯೇ.