ಹೇಳಿದ ಮಾತು ಕೇಳುವ ಮೇಸ್ತ್ರಿ

ಹತ್ತು ನಿಮಿಷ ಕಾದು ಪರದೆ ಕೈಚೆಲ್ಲಿತು: ‘ಸಮಯ ಮುಗಿದಿದೆ.’ ಸರ್ವರ್ ಆಫೀಸಿನ ಯಾ-ಚಿಂಗ್ ಕುರ್ಚಿಯಿಂದ ಎದ್ದೇಬಿಟ್ಟಳು.

ತೈವಾನಿನ ತೈನಾನ್ ಊರಿನ ಒಂದು ಡಯಾಲಿಸಿಸ್ ಆಸ್ಪತ್ರೆಯ ಇಪ್ಪತ್ತೊಂದು ವರ್ಷದ ದಾಖಲೆಯೆಲ್ಲ ಒಂದೇ ಕಂಪ್ಯೂಟರಿನಲ್ಲಿತ್ತು. ಮುಟ್ಟಿ ನೋಡುವಂಥ ಕಂಪ್ಯೂಟರಲ್ಲ, ಹಳೇ ಸರ್ವರಿನೊಳಗೆ ಬಾಡಿಗೆಗೆ ಕೂತಂಥ ವರ್ಚುವಲ್ ಯಂತ್ರ. ಆ ಸರ್ವರೋ ಇವತ್ತೋ ನಾಳೆಯೋ ಅನ್ನುವಂತಿತ್ತು. ಬ್ಯಾಕಪ್ಪೂ, ದರಿದ್ರದ್ದು, ಅದರಲ್ಲೇ ಕೆಟ್ಟು ಕೂತಿತ್ತು. ಅದಕ್ಕೇ ಯಂತ್ರವನ್ನು ನಿಲ್ಲಿಸಿ, ಹೊಸ ಸರ್ವರಿಗೆ ಸಾಗಿಸು ಅಂತ ಅವಳು ಮೇಸ್ತ್ರಿಗೆ ಹೇಳಿದ್ದು. ಸರ್ವರುಗಳಿಗೆಲ್ಲ ಕೆಲಸ ಹಂಚುವ ಪೆಟ್ಟಿಗೆಯನ್ನು ಆ ಆಫೀಸಿನಲ್ಲಿ ಮೇಸ್ತ್ರಿ ಅಂತಾರೆ. ಒಂದು ಗಂಟೆಗೆ ಮಧ್ಯಾಹ್ನದ ಪಾಳಿಯ ರೋಗಿಗಳು ಬರುತ್ತಾರೆ. ದಾಖಲೆ ಇಲ್ಲದಿದ್ದರೆ ಯಾರಿಗೆ ಯಾವ ಔಷಧಿ ಆಗದು ಅನ್ನುವುದೂ ನರ್ಸುಗಳಿಗೆ ಗೊತ್ತಾಗುವುದಿಲ್ಲ.

ಸಾಗಣೆ ಕೆಟ್ಟಿತು ಅಂದುಕೊಂಡವಳು, ಹೊಸ ಸರ್ವರಿನಲ್ಲಿ ಬಿದ್ದ ಅರೆಬರೆ ಪ್ರತಿಯನ್ನು ಅಳಿಸು ಅಂದಳು. ಅದಕ್ಕೂ ಅದೇ ಉತ್ತರ: ‘ಸಮಯ ಮುಗಿದಿದೆ.’

“ಕುವೋ ಅಣ್ಣ, ಸತ್ತೆ!”

ಹಿರಿಯ ಸಹೋದ್ಯೋಗಿ ಕುವೋ ಊಟದ ಡಬ್ಬಿ ಬಿಟ್ಟು ಬಂದ. ಬಂದವನೇ ಮೇಸ್ತ್ರಿಯ ಮೇಲಿದ್ದ ಹಸಿರು ತಿಂಡಿ ಪೊಟ್ಟಣ ತಿರುಗಿಸಿ ನೋಡಿದ. ಯಂತ್ರ ಹೇಳಿದ ಮಾತು ಕೇಳಲಿ ಅಂತ ತೈವಾನಿನವರು ಅದರ ಮೇಲೆ ಇಡುವ ಪೊಟ್ಟಣ. ಹಸಿರೇ ಆಗಬೇಕು, ತಾರೀಕು ಮೀರಿರಬಾರದು.

“ತಾರೀಕು ಸರಿಯಾಗೇ ಇದೆಯಲ್ಲೇ. ಕೆಲಸದ ನಂಬರ್ ಎಲ್ಲಿ?”

“ಯಾವ ನಂಬರು?”

“ಕೆಲಸ ಒಪ್ಕೊಂಡಾಗ ಕೊಡ್ತದಲ್ಲ, ಅದು! ಕಾದು ಸುಸ್ತಾಗಿದ್ದು ನಿನ್ನ ಪರದೆ ಕಣೇ. ಮೇಸ್ತ್ರಿ ಒಳಗೆ ಕೆಲಸ ಮಾಡಿಸ್ತಾನೇ ಇದೆ.”

ಕೆಲಸದ ಪಟ್ಟಿ ತೆರೆದರು. ಸಾಗಣೆ: ತೊಂಬತ್ತೊಂದು ಪರ್ಸೆಂಟ್. ಅವಳಿಗೆ ಹೋದ ಜೀವ ಬಂತು. ಆಮೇಲೆ ಕೆಳಗಿನ ಸಾಲು ಕಂಡಿತು. ‘ಅಳಿಸು: ಸರದಿಯಲ್ಲಿದೆ.’

ಸಾಗಣೆ ಮುಗಿದರೆ ಹಳೇ ಕಡೆ ಖಾಲಿ. ಮರುಕ್ಷಣ ಹೊಸದೂ ಅಳಿಯುತ್ತದೆ.

“ರದ್ದು ಮಾಡೇ!”

ಒತ್ತಿದಳು. ರದ್ದು ಕೂಡ ಹೋಗಿ ಸರದಿಯ ಕೊನೆಯಲ್ಲಿ ನಿಂತಿತು. ತೊಂಬತ್ತೈದು. ನೂರಾಗದಿರಲಿ ದೇವರೇ ಅಂತ ಬೇಡಿಕೊಳ್ಳುವ ಗತಿ ಯಾರಿಗೂ ಬೇಡ.

“ಅಣ್ಣ, ಮೇಸ್ತ್ರಿ ಕರೆಂಟ್ ಕೀಳ್ತೀನಿ.”

“ತಲೆ ಕೆಟ್ಟಿದೆಯಾ? ಸಾಗಣೆ ನಡುವೆ ನಿಂತ್ರೆ?”

“ಹೊರೆ ಹೊರೋವು ಸರ್ವರುಗಳು, ಅವು ನಿಲ್ಲಲ್ಲ. ಮೇಸ್ತ್ರಿ ಬರೀ ಕೂಗೋದು, ಅದು ಕೂಗದಿದ್ರೆ ಅಳಿಸೋದು ಶುರುವಾಗಲ್ಲ. ಅಲ್ವಾ? ಹೇಳಣ್ಣ, ಅಲ್ವಾ?”

ಕುವೋ ಪರದೆಯತ್ತ ತಿರುಗಿದ. ತೊಂಬತ್ತೇಳು. ಅವಳು ಕಿತ್ತಳು.

ಮೇಸ್ತ್ರಿಯ ಪಟ್ಟಿ ಪರದೆಯಿಂದ ಮಾಯವಾಯಿತು. ಅಂಕಿಯೂ ಇಲ್ಲ, ಏನೂ ಇಲ್ಲ. ಹೊಸ ಸರ್ವರಿನೊಳಕ್ಕೇ ನೇರವಾಗಿ ಹೊಕ್ಕು ಕಣ್ಣು ಕೀಲಿಸಿ ಕೂತಳು. ಆರು ನಿಮಿಷಕ್ಕೆ ಯಂತ್ರ ಪೂರ್ತಿಯಾಗಿ ಬಂದಿಳಿಯಿತು. ಕೂಡಲೇ ಚಾಲೂ ಮಾಡಿದಳು. ಒಂದಕ್ಕೆ ಹತ್ತು ನಿಮಿಷವಿದ್ದಾಗ ನರ್ಸ್ ಫೋನ್ ಮಾಡಿ, “ಬಂತಮ್ಮ, ಎಲ್ಲಾ ಬಂತು,” ಅಂದಳು.

“ಇನ್ನು ಮೇಸ್ತ್ರೀನ ಎಬ್ಬಿಸಬೇಕು,” ಅಂದ ಕುವೋ.

“ಎದ್ದ ಕೂಡಲೇ ಉಳಿದ ಕೆಲಸ ನೆನಪಾದ್ರೆ?”

“ಓಡ್ತಿರೋ ಯಂತ್ರಾನ ಅದು ಅಳಿಸಲ್ಲ. ಹಾಗಂತ ಪುಸ್ತಕದಲ್ಲಿದೆ.”

ಯಾ-ಚಿಂಗ್ ಹಸಿರು ಪೊಟ್ಟಣ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಇವತ್ತೊಂದಿನ ನನ್ನ ಮಾತು ಕೇಳಬೇಡ್ವೋ ಮಹರಾಯ,” ಅಂತ ಕೇಬಲ್ ಸಿಕ್ಕಿಸಿದಳು.

ಮೇಸ್ತ್ರಿ ಎದ್ದಿತು. ಏನನ್ನೂ ಮರೆತಿರಲಿಲ್ಲ.

‘ಅಳಿಸು: ಆಗಲಿಲ್ಲ, ಯಂತ್ರ ಚಾಲೂ ಇದೆ. ಆಜ್ಞೆ ಕೊಟ್ಟವರು: ಯಾ-ಚಿಂಗ್.’

ತನ್ನ ಹೆಸರು ಓದಿ, ಪೊಟ್ಟಣ ತಬ್ಬಿಕೊಂಡು, ಅವಳು ನೆಲದ ಮೇಲೇ ಕೂತು ಗೊಳೋ ಅಂತ ಅತ್ತಳು.