ಗಾಜಿನ ಹೊರಬದಿ

ಗಾಜು ಒರೆಸುವ ಗಂಡ ಹೆಂಡತಿಗೆ ಜಗಳವಾಡಲು ಬೇರೆ ಕಾರಣ ಬೇಕಿಲ್ಲ. ಹೊರಗಡೆ ನಮ್ಮವರು, ಒಳಗಡೆ ನಾನು, ನಡುವೆ ಗಾಜು. ಎಲ್ಲೋ ಒಂದು ಕಲೆ ಉಳಿಯಿತು ಅನ್ನಿ, ಅದು ನಿನ್ನ ಕಡೆಯದು ಅಂತ ಅವರು ಬೆರಳು ತೋರಿಸುತ್ತಾರೆ, ಅಲ್ಲ ನಿಮ್ಮ ಕಡೆಯದು ಅಂತ ನಾನು. ಮಾತು ಕೇಳಿಸುವುದಿಲ್ಲವಲ್ಲ, ಎಲ್ಲ ಕೈಸನ್ನೆಯಲ್ಲೇ. ಮದುವೆಯಾದಾಗಿನಿಂದ ಒಂದೇ ಒಂದು ಕಲೆಯನ್ನೂ ಈ ಮನುಷ್ಯ ತನ್ನದೆಂದು ಒಪ್ಪಿಕೊಂಡಿಲ್ಲ. ನಾನು ಅತ್ತ ತಿರುಗಿದಾಗ ಗುಟ್ಟಾಗಿ ಒರೆಸಿಬಿಟ್ಟು, ನೋಡು ಹೋಯ್ತು, ನಿನ್ನದೇ ಇತ್ತು ಎಂದು ಸನ್ನೆ ಮಾಡುವ ಆಸಾಮಿ.

ಕೆಲಸ ಕಲಿಸಿದ ದೊಡ್ಡಪ್ಪ ನಮ್ಮವರ ತಲೆಗೆ ಒಂದು ಮಾತು ತುಂಬಿದ್ದರು. ಹಕ್ಕಿ ಬಂದು ಬಡಿದರೆ ಗಾಜು ಚೆನ್ನಾಗಿ ಒರೆಸಿದ್ದೀಯ ಅಂತ ಲೆಕ್ಕವಂತೆ. ಸಂಜೆ ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ "ಇವತ್ತೊಂದು ಬಡೀತು ಕಣೇ" ಎಂದು ಮೀಸೆ ತಿರುವುತ್ತಿದ್ದರು. ನಾನೂ ನಗುತ್ತಿದ್ದೆ.

ಈ ವರ್ಷ ನಮಗೊಂದು ಹೊಸ ಕಚೇರಿಯ ಕೆಲಸ ಸಿಕ್ಕಿತು. ಎದುರಿಗೆ ತೋಟ, ಅದರ ಉದ್ದಕ್ಕೂ ನೆಲದಿಂದ ಸೂರಿನವರೆಗೆ ಗಾಜು. ಮ್ಯಾನೇಜರಿಗೆ ಹಿಡಿಸಿದರೆ ಮುಂದೆಯೂ ನಮಗೇ. ಆಗಷ್ಟೇ ಚಳಿ ಶುರುವಾಗಿ, ಎಲ್ಲಿಂದಲೋ ಬರುವ ಪುಟ್ಟ ಹಸಿರು ಹಕ್ಕಿಗಳು ತೋಟದ ತುಂಬ ಸೇರಿದ್ದವು.

ಒಂದು ಬೆಳಿಗ್ಗೆ ಅವರು ನೀರು ತರಲು ಹೋಗಿದ್ದರು, ನಾನು ಒಳಗೆ ಒರೆಸುತ್ತಿದ್ದೆ. ಮರದಿಂದ ಹಾರಿದ ಹಕ್ಕಿಯೊಂದು ನೇರ ನನ್ನ ಮುಖದ ಕಡೆಗೇ ಬಂತು. ಹೆದರಿಕೆಯಿಲ್ಲ, ಅನುಮಾನವಿಲ್ಲ, ತನ್ನ ಮನೆಗೆ ಹೋಗುವವರ ಹಾಗೆ. ಟಪ್ ಅಂತ ಸದ್ದಾಯಿತು. ಹೊರಗೆ ಓಡಿ ಹೋಗಿ ಕೈಗೆತ್ತಿಕೊಂಡೆ. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ತಲೆಯೆತ್ತಿ ನೋಡಿದರೆ ಗಾಜಿನಲ್ಲಿ ಅದೇ ತೋಟ, ಅದೇ ಮರ, ಎಲೆ ಎಲೆಯೂ ಸ್ಪಷ್ಟ. ಪಾಪದ ಜೀವ ಆ ಮರಕ್ಕೆ ಹೊರಟಿತ್ತು.

"ಬಡೀತಾ?" ಬಕೆಟ್ ಹಿಡಿದು ಬಂದವರ ಮುಖ ಅರಳಿತು.

"ಸತ್ತೇ ಹೋಯ್ತು."

"ಅಯ್ಯೋ. ಏನ್ ಮಾಡೋಕಾಗುತ್ತೆ, ಗಾಜು ಅಷ್ಟು ಚೊಕ್ಕ ಇದೆ."

"ರೀ, ಬಿಳಿ ಬಣ್ಣದಲ್ಲಿ ಒತ್ತೊತ್ತಾಗಿ ಚುಕ್ಕೆ ಇಡಿ. ಅಲ್ಲೇನೋ ಅಡ್ಡ ಇದೆ ಅಂತ ಅದಕ್ಕೂ ಗೊತ್ತಾಗ್ಲಿ."

"ನನ್ನ ಗಾಜಿನ ಮೇಲಾ? ತಲೆ ಕೆಟ್ಟಿದ್ಯಾ ನಿಂಗೆ? ಬೇಕಾದ್ರೆ ನಿನ್ನ ಕಡೆ ಇಟ್ಕೋ."

ಇಟ್ಟೆ. ಹೊರಗೆ ಬಂದು ನೋಡಿದರೆ ಬೆಳಕಿಗೆ ಮರವೇ ಕಾಣುತ್ತಿತ್ತು, ನನ್ನ ಚುಕ್ಕೆಗಳ ಸುಳಿವೇ ಇರಲಿಲ್ಲ. ಹಕ್ಕಿ ಉಳಿಯಬೇಕಾದರೆ ಅವರ ಕಡೆಯೇ ಆಗಬೇಕಿತ್ತು.

ನಾನು ಹಟಕ್ಕೆ ಬಿದ್ದರೆ ಮುಗಿಯಿತು. ಮರುದಿನ ಬಕೆಟ್ ಎತ್ತಿಕೊಂಡು ನಾನೇ ಹೊರಗೆ ನಿಂತೆ. "ಇವತ್ತು ನೀವು ಒಳಗೆ" ಅಂದೆ. ಗೊಣಗುತ್ತಲೇ ಹೋದರು. ನಾನು ಇನ್ನೊಂದು ತುದಿಯಲ್ಲಿದ್ದಾಗ, ಅವರು ಇದ್ದಕ್ಕಿದ್ದಂತೆ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಬಗ್ಗಿದ್ದು ಕಂಡಿತು. ಟಪ್.

ಅವರೇ ಓಡಿ ಬಂದು ಎತ್ತಿಕೊಂಡರು. ಇದರ ಆಯುಸ್ಸು ಗಟ್ಟಿಯಿತ್ತು. ಅಂಗೈಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದು, ಬಹಳ ಹೊತ್ತಿನ ಮೇಲೆ ಹಾರಿತು.

"ನನ್ನ ಕಡೆಗೇ ಬಂತು ಕಣೇ. ಅಡ್ಡ ಏನೂ ಇಲ್ಲ ಅಂತ ನಂಬಿಬಿಟ್ಟಿತ್ತು." ಅದು ಹಾರಿದ ಕಡೆಗೇ ನೋಡುತ್ತಾ ಹೇಳಿದರು, "ದೊಡ್ಡಪ್ಪ ಒಂದು ದಿನಾನೂ ಒಳಗಡೆ ನಿಂತವರಲ್ಲ."

ಮಧ್ಯಾಹ್ನ ಬಣ್ಣದ ಡಬ್ಬಿ ಗಾಜಿನ ಹೊರಬದಿಗೆ ಬಂತು. ಹೊಸ ಬಟ್ಟೆಗೆ ಮಸಿ ಹಚ್ಚುವವರ ಹಾಗೆ ಮುಖ ಹಿಂಡುತ್ತಾ ಬೆರಳಿನಿಂದ ಚುಕ್ಕೆ ಇಟ್ಟರು. ಅದರಲ್ಲೂ ಸಾಲು ಒಂಚೂರು ಸೊಟ್ಟಗಾಗುವಂತಿಲ್ಲ.

ಮರುದಿನ ಬೆಳಿಗ್ಗೆ ಅವರು ಆಚೆ ತುದಿಯಲ್ಲಿ ಉಳಿದ ಗಾಜಿಗೆ ಚುಕ್ಕೆ ಇಡುತ್ತಿದ್ದಾಗ ಮ್ಯಾನೇಜರ್ ಒಳಗೆ ನನ್ನ ಪಕ್ಕ ಬಂದು ನಿಂತರು.

"ಏನಮ್ಮಾ ಇದು ಗಲೀಜು? ಒರೆಸಿಬಿಡಿ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ನಾನು ಹಕ್ಕಿಯ ವಿಷಯ ಹೇಳಲು ಹೊರಟಾಗಲೇ ಮರದಿಂದ ಒಂದು ಹಕ್ಕಿ ಹೊರಟಿತು, ನೇರ ನಮ್ಮತ್ತ. ಮ್ಯಾನೇಜರ್ ಅಯ್ಯೋ ಎಂದು ತಲೆ ತಗ್ಗಿಸಿದರು. ಗಾಜು ಇನ್ನೊಂದು ಮಾರು ಇದೆ ಅನ್ನುವಾಗ ಹಕ್ಕಿ ಸರಕ್ಕನೆ ತಿರುಗಿ, ಹಿಂದಿನ ಕೊಂಬೆಗೇ ಹೋಗಿ ಕೂತು, ಕೊಕ್ಕು ಉಜ್ಜಿಕೊಂಡಿತು.

ಮ್ಯಾನೇಜರ್ ಅಂಗಿ ಸರಿಮಾಡಿಕೊಂಡು, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣು ಹಾಯಿಸಿದರು. ದನಿ ಇಳಿದಿತ್ತು. "ಯಾರು ಇಟ್ಟಿದ್ದು ಇದನ್ನ?"

ನಾನೇ ಇಡಿಸಿದ್ದು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಜಿನ ಮೇಲೆ ಟಕ್ ಟಕ್. ಆಚೆ ತುದಿಯಲ್ಲಿದ್ದ ನಮ್ಮವರು ಹೊರಗೆ ನಮ್ಮೆದುರಿಗೇ ಬಂದು ನಿಂತಿದ್ದರು. ಇಷ್ಟು ವರ್ಷ ನನ್ನ ಬೈಗುಳವನ್ನು ತುಟಿ ನೋಡಿಯೇ ತಿಳಿದುಕೊಂಡವರಿಗೆ ಮ್ಯಾನೇಜರ್ ಕೇಳಿದ್ದು ತಿಳಿಯುವುದೇನು ದೊಡ್ಡದು. ಚುಕ್ಕೆಗಳನ್ನು ತೋರಿಸಿ, ಅದೇ ಬೆರಳನ್ನು ತಮ್ಮ ಎದೆಗೆ ಒತ್ತಿಕೊಂಡರು.

"ಇರ್ಲಿ ಬಿಡಿ," ಎಂದು ಮ್ಯಾನೇಜರ್ ಹೊರಟುಹೋದರು.

ನಮ್ಮವರ ಅಂಗಿಯ ಮೇಲೆ, ಬೆರಳು ಒತ್ತಿದಲ್ಲಿ, ಒಂದು ಬಿಳಿ ಕಲೆ ಉಳಿದಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಅದು ನಿಮ್ಮ ಕಡೆಯದು ಎಂದು ಬೆರಳು ತೋರಿಸಿದೆ. ಅವರು ಹೌದೆಂದು ತಲೆಯಾಡಿಸಿದರು.