ಕುಡಿತ ಬಿಟ್ಟವನು

ಶವದ ಮೇಲೆ ಹೂವಿಟ್ಟು ಸದ್ದಿಲ್ಲದೆ ಜಾರಿಕೊಳ್ಳಲು ಸರ್ಜನ್ ತಿರುಗುವಷ್ಟರಲ್ಲಿ, ಸತ್ತ ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ ಅವರ ತೋಳು ಹಿಡಿದೇಬಿಟ್ಟಳು.

"ಬಂದ್ರಲ್ಲ ಡಾಕ್ಟ್ರೇ! ನೀವೇ ಹೇಳಿ. ನಮ್ಮನೆಯವರು ಕುಡಿಯೋದು ಬಿಟ್ಟಿದ್ದು ಸುಳ್ಳಾ?"

ಕುರ್ಚಿಗಳಲ್ಲಿ ಕೂತವರೆಲ್ಲ ತಲೆಯೆತ್ತಿದರು. ಸತ್ತವನ ತಮ್ಮ ಗೊಣಗಿದ: "ಬಿಟ್ಟಿದ್ದಿರ್ಲಿ ಅತ್ತಿಗೆ, ಅಣ್ಣ ಕುಡಿದಿದ್ದನ್ನೇ ನಾನು ಕಂಡಿಲ್ಲ."

"ನೀನೇನು ಕಂಡೀಯ? ಉಂಡು ಎದ್ದರೆ ಮುಖ ಕೆಂಪಗೆ ಕೆಂಡ! ವರ್ಷಗಟ್ಟಲೆ ಜಗಳ ಆಡಿ ಆಡಿ ಬಿಡಿಸಿದೀನಿ, ಸುಮ್ನೇನಾ?"

ಸರ್ಜನ್ ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುವುದು ಅವರಿಗೆ ಬಾರದ ವಿದ್ಯೆ.

*

ಮೆಕ್ಯಾನಿಕ್ ಹೊಟ್ಟೆನೋವೆಂದು ಹೋದಲ್ಲೆಲ್ಲ ಡಾಕ್ಟರುಗಳು ಗ್ಯಾಸು ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಆ ಕೆಂಪು ಮುಖ ಕಂಡು ಅನುಮಾನಪಟ್ಟವರು ಇಬ್ಬರೇ, ಹೆಂಡತಿ ಮತ್ತು ಸರ್ಜನ್. ಅನುಮಾನ ಬೇರೆ ಬೇರೆ, ಅಷ್ಟೆ.

ಆಪರೇಷನ್ ಆಗಿ ನಾಲ್ಕು ದಿನಕ್ಕೇ ಮೆಕ್ಯಾನಿಕ್ ಹಾಸಿಗೆಯಲ್ಲಿ ಎದ್ದು ಕೂತು ಪ್ರಶ್ನೆ ಕೇಳಿ ತಲೆ ತಿಂದಿದ್ದ.

"ಸ್ಕ್ಯಾನ್‌ನಲ್ಲಿ ಒಂದೇ ಗಂಟು ಅಂದ್ರಿ. ಮೂರು ಹೇಗಾಯ್ತು ಸಾರ್?"

"ಸಣ್ಣ ಕರುಳನ್ನ ಈ ತುದಿಯಿಂದ ಆ ತುದಿವರೆಗೂ ಬೆರಳಲ್ಲಿ ಸವರಿಕೊಂಡು ಹೋಗ್ತೀವಿ. ಸ್ಕ್ಯಾನ್‌ಗೆ ಕಾಣದ್ದು ಬೆರಳಿಗೆ ಸಿಗುತ್ತೆ."

"ಅರೆ, ಲಿಫ್ಟಿನ ಹಗ್ಗ ನಾವು ನೋಡೋದೂ ಹಾಗೇ! ಮತ್ತೆ ಮುಖ ಯಾಕೆ ಕೆಂಪಾಗ್ತಿತ್ತು?"

"ಇದು ಅಪರೂಪದ ಕ್ಯಾನ್ಸರ್. ಲಿವರ್‌ಗೂ ಹಬ್ಬಿತ್ತು. ಅಲ್ಲಿಂದ ಅದರ ರಸ ರಕ್ತಕ್ಕೆ ಸೇರಿದಾಗೆಲ್ಲ ಮುಖ ಕೆಂಪೇರುತ್ತೆ. ಸಿಕ್ಕಿದ್ದನ್ನೆಲ್ಲ ತೆಗೆದಿದೀವಿ. ಮತ್ತೆ ಬರಲೂಬಹುದು."

ಅವನು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದ.

"ಒಂದು ತೊಟ್ಟು ಮುಟ್ಟಿದವನಲ್ಲ ಸಾರ್ ನಾನು! ಮುಖ ಕೆಂಪಾಗಿದ್ದು ಕಾಯಿಲೆಯಿಂದ ಅಂತ ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ. ಕಾಯಿಲೆಯವನ ಜೊತೆ ಜಗಳ ಆಡಿದ್ನಲ್ಲ ಅಂತ ಜೀವನಪೂರ್ತಿ ಕೊರಗ್ತಾಳೆ. ಕುಡಿತ ಬಿಟ್ಟೆ ಅಂದ್ಬಿಡ್ತೀನಿ. ಗೆದ್ದೆ ಅಂತ ಖುಷಿಯಾಗಿರ್ಲಿ."

*

"ಹೇಳಿ ಡಾಕ್ಟ್ರೇ." ಅವಳ ದನಿ ಇಳಿದಿತ್ತು. "ಬಿಟ್ಟಿದ್ರು ತಾನೇ? ನಾನು ಸುಮ್ಸುಮ್ನೆ ಅವರನ್ನ ಬೈಲಿಲ್ಲ ತಾನೇ?"

ಹೊಲಿಗೆ ಹಿಡಿದು ನಕ್ಕವನ ನೆನಪಾಗಿ ಸರ್ಜನ್‌ಗೆ ದುಃಖ ಉಮ್ಮಳಿಸಿ ಬಂತು. ಅವರು ತುಸು ಯೋಚಿಸಿದರು.

"ಆಪರೇಷನ್ ಆದ ಮೇಲೆ ಒಂದು ತೊಟ್ಟೂ ಮುಟ್ಟಿಲ್ಲ ಅಮ್ಮಾ. ಅದು ನನಗೆ ಚೆನ್ನಾಗಿ ಗೊತ್ತು."

"ಕೇಳಿಸ್ತೇನೋ?" ಎಂದು ಮೈದುನನತ್ತ ತಿರುಗಿದವಳ ಕಣ್ಣಲ್ಲಿ ಈಗ ನೀರು ಧಾರೆಯಾಗಿ ಇಳಿಯಿತು. ಮೈದುನ ಬಾಯಿ ತೆರೆದವನು ಸರ್ಜನ್ ಮುಖ ನೋಡಿ ಮುಚ್ಚಿಕೊಂಡ.

ಎದುರುಮನೆಯಾಕೆ ಮೆಲ್ಲನೆ ಪಕ್ಕಕ್ಕೆ ಸರಿದು ಬಂದಳು. "ಅಕ್ಕಾ, ನಮ್ಮವರದ್ದು ಗೊತ್ತಲ್ಲ. ಹೇಗೆ ಬಿಡಿಸಿದ್ರಿ?"

ಮೆಕ್ಯಾನಿಕ್‌ನ ಹೆಂಡತಿ ಕಣ್ಣೊರೆಸಿಕೊಂಡು ಎರಡು ಕುರ್ಚಿ ಹತ್ತಿರಕ್ಕೆ ಎಳೆದಳು. ಮಲಗಿಸಿದ್ದ ಗಂಡನ ಅಂಗಿಯ ಕಾಲರು ಸರಿಪಡಿಸುತ್ತ, ಮೊದಲಿನಿಂದ ಹೇಳತೊಡಗಿದಳು.